ಉಪ್ಪು ಹಾಕದ ಓದು

ಡಿ.ಎಡ್. ಮುಗಿಸಿ, ಮೂರು ಸಲ ಪರೀಕ್ಷೆ ಬರೆದರೂ ಸರಕಾರಿ ನೌಕರಿ ಕೈಗೆ ಹತ್ತದೆ, ಮೂಡಲಗಿಯ ನಮ್ಮ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಕಾಲ ಅದು. ಯಾರು ಮಾತಾಡಿಸಿದರೂ ಮೈಮೇಲೆ ಬೀಳುತ್ತಿದ್ದೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ನಿನಗ ಒಕ್ಕಾಲು ಅಷ್ಟ ಬಂತು ನೋಡವಾ’ ಎಂದು ಅವ್ವ ದಿನಕ್ಕೊಮ್ಮೆ ಚುಚ್ಚುತ್ತಿದ್ದಳು. ಅಂಥ ಹೊತ್ತಿನಲ್ಲಿ ಗೋಕಾಕದಿಂದ ನನ್ನ ಸೋದರಮಾವ ಫೋನು ಮಾಡಿದ. ಧಾರಾವಾಹಿಯ ಚಿತ್ರೀಕರಣಕ್ಕೆಂದು ಅವನ ಓಣಿಯಲ್ಲಿ ಬಾಡಿಗೆಗೆ ಮನೆ ಹಿಡಿದಿರುವ ಒಬ್ಬ ನಟಿಗೆ ಓದು ಬಲ್ಲ ಹುಡುಗಿ ಬೇಕಾಗಿದ್ದಾಳಂತೆ, ಪಗಾರ ಚಲೋ ಕೊಡುತ್ತಾರಂತೆ. ಯಾವ ನಟಿ ಎಂದು ಕೇಳಿದೆ. ಅವನು ಹೆಸರು ಹೇಳಿದ್ದೇ ತಡ, ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದ ಅವ್ವ ಹೆಂಚಿನ ಮೇಲಿನ ರೊಟ್ಟಿ ಮರೆತಳು. ಅದು ಸೀದು ಕರಕಲಾಯಿತು.

ಆ ನಟಿ ನಮ್ಮ ಮನೆಯಲ್ಲಿ ದಿನಾ ಸಂಜೆ ಏಳೂವರೆಗೆ ತಪ್ಪದೆ ಬೈಸಿಕೊಳ್ಳುತ್ತಿದ್ದ ಅತ್ತೆ. ಧಾರಾವಾಹಿಯಲ್ಲಿ ಆಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ಬಂದು ನಿಂತರೆ ಸಾಕು, ಅವ್ವ ‘ಬಂದ್ಲು ನೋಡು ಮಾರಿ’ ಎಂದು ಲಟ್ಟಣಿಗೆ ಎತ್ತುತ್ತಿದ್ದಳು. ಅದಕ್ಕೂ ಮೊದಲು ಇಪ್ಪತ್ತೈದು ವರ್ಷ ಸಿನಿಮಾದಲ್ಲಿ ಆಕೆ ಎಲ್ಲ ನಾಯಕರ ತಾಯಿ. ಮೂವತ್ತು ತುಂಬುವ ಮೊದಲೇ ತನಗಿಂತ ವಯಸ್ಸಾದ ಗಂಡಸರಿಗೆ ಕೈತುತ್ತು ಹಾಕಿದ ಹೆಂಗಸು. ಎರಡು ಸಲ ರಾಜ್ಯ ಪ್ರಶಸ್ತಿ ಬಂದಿತ್ತು. ‘ನಮ್ಮ ಹುಕ್ಕೇರಿ ತಾಲೂಕಿನ ಹೆಣ್ಣಮಗಳು’ ಎಂದು ನಮ್ಮ ಕಡೆಯ ಮಂದಿ ಎದೆಯುಬ್ಬಿಸಿ ಹೇಳುತ್ತಿದ್ದರು, ಮರುಗಳಿಗೆ ಟೀವಿ ಮುಂದೆ ಕೂತು ಅದೇ ಹೆಣ್ಣುಮಗಳಿಗೆ ಶಾಪ ಹಾಕುತ್ತಿದ್ದರು.

ನಾನು ಹೋದಾಗ ಅವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದರು. ಟೀವಿಯಲ್ಲಿ ಕಂಡಷ್ಟು ಎತ್ತರವಿರಲಿಲ್ಲ. ಕೂತವರು ಏಳದೆ, ಬಾಜೂ ಇದ್ದ ಹಾಳೆಗಳ ಕಟ್ಟನ್ನು ನನ್ನ ಕಡೆ ತಳ್ಳಿ ‘ಓದು’ ಎಂದರು. ಆ ಸಂಚಿಕೆಯಲ್ಲಿ ಅತ್ತೆಗೆ ಮಗ ಸತ್ತ ಸುದ್ದಿ ಬರುವ ಮಾತುಗಳಿದ್ದವು. ಕಾಲೇಜಿನ ನಾಟಕದಲ್ಲಿ ಬಹುಮಾನ ಗೆದ್ದವಳು ನಾನು, ಬಿಟ್ಟೇನೆಯೇ? ಬಿಕ್ಕಿ, ಉಸಿರೆಳೆದು, ಗಂಟಲು ಕಟ್ಟಿಸಿಕೊಂಡು ಓದಿದೆ. ಅವರು ಸೊಪ್ಪಿನ ಮೇಲಿನಿಂದ ತಲೆಯೆತ್ತಿ, ‘ನೀ ಓದಾಕತ್ತೀಯೋ, ಅಳಾಕತ್ತೀಯೋ?’ ಎಂದರು. ನನಗೆ ಕಿವಿಯವರೆಗೆ ಬಿಸಿಯಾಯಿತು.

ಆಮೇಲೆ ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತರು. ‘ನೋಡ ತಂಗಿ, ಇದು ನನ್ನ ತಂಗಿಗಿ ಗೊತ್ತು, ಈಗ ನಿನಗ. ಮೂರನೇದವರಿಗಿ ಹೋಗಬಾರದು. ನನಗ ಓದಾಕ ಬರಂಗಿಲ್ಲ’ ಎಂದರು. ಈಗ ಹುಕ್ಕೇರಿಯಲ್ಲಿರುವ ಅವರ ಸ್ವಂತ ತಂಗಿ ಇಪ್ಪತ್ತು ವರ್ಷ ಜೊತೆಗಿದ್ದು ಎಲ್ಲ ಓದಿ ಹೇಳಿದ್ದಳು. ಈಗ ಸಕ್ಕರೆ ಕಾಯಿಲೆಯಿಂದ ಆಕೆಗೆ ಕಣ್ಣು ಮಂಜಾಗಿತ್ತು. ಸೆಟ್ಟಿನಲ್ಲಿ ಹೇಗೂ ಕ್ಯಾಮೆರಾ ಹಿಂದೆ ನಿಂತು ಮಾತು ಹೇಳಿಕೊಡುವವರು ಇರುತ್ತಾರೆ. ಮನೆಯಲ್ಲಿ ಒಮ್ಮೆ ಕೇಳಿಸಿಕೊಂಡು ಹೋದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ. ಸಹಿ ಮಾತ್ರ ರಂಗೋಲಿ ಹಾಕಿದಂತೆ ಒಂದೇ ಎಳೆಯಲ್ಲಿ ಚೆಂದ ಹಾಕುತ್ತಿದ್ದರು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಡಿ.ಎಡ್. ಓದಿದ ಸೊಕ್ಕು ನೋಡಿ, ‘ಅಕ್ಕಾರ, ಮೂರು ತಿಂಗಳು ಕೊಡ್ರಿ, ನಾ ಕಲಸ್ತೇನಿ’ ಎಂದೆ. ಅವರಿಗೆ ಸಿಟ್ಟು ಬಂದಿತು. ‘ಅಕ್ಷರ ನನಗ ಗೊತ್ತಿಲ್ಲಂತ ಮಾಡೀಯೇನು? ಕೂಡಿಸ್ಕೋತ ಕುಂತ್ರ ನನ್ನ ಮಾತ ಸಾಯ್ತಾವು. ನಾ ಕೇಳಿ ಬೆಳದಾಕಿ. ನೀ ಓದು ಅಂದ್ರ ಓದು, ಅಷ್ಟ’ ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಐದು ನಿಮಿಷದ ನಂತರ ಚಹಾ ತಂದು ಮುಂದಿಟ್ಟರು. ಅಲ್ಲಿಗೆ ನೌಕರಿ ಪಕ್ಕಾ ಆಯಿತೆಂದು ತಿಳಿದುಕೊಂಡೆ. ಬಟ್ಟೆಬರೆ ತಂದು ಅವರ ಮನೆಯಲ್ಲೇ ಉಳಿಯುವುದೆಂದಾಯಿತು.

ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತೆಂದು ಮಾವನ ಬಾಯಿಂದ ತಿಳಿದ ಅವ್ವ, ‘ಅಲ್ಲೇ ಚಹಾ ಕುಡದ್ಯೇನು?’ ಎಂದು ಮೆಲ್ಲಗೆ ಕೇಳಿದಳು. ನಮ್ಮದು ಕಿರಾಣಿ ಅಂಗಡಿಯ ಮನೆತನ, ನಮ್ಮ ಗೋಡೆಯ ಮೇಲೆ ಬಸವಣ್ಣ. ‘ಬಸವಣ್ಣನ ಪಟಕ್ಕ ದಿನಾ ಊದಿನಕಡ್ಡಿ ಹಚ್ಚಿ ಈ ಮಾತ ಆಡ್ತೀಯಲ್ಲ’ ಎಂದು ನಾನು ಕೂಗಾಡಿದೆ. ಮುಂದೆಂದೂ ಅವ್ವ ಆ ಪ್ರಶ್ನೆ ಎತ್ತಲಿಲ್ಲ.

ಓದುವುದನ್ನು ಅವರು ನನಗೆ ಹೊಸದಾಗಿ ಕಲಿಸಿದರು. ಅದಕ್ಕೂ ಕಾರಣ ನನ್ನದೇ ಒಂದು ಅಧ್ವಾನ. ಮೊದಲ ವಾರ ಹಿಡಕಲ್ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಆ ಮಗ ಸತ್ತ ದೃಶ್ಯದ ಚಿತ್ರೀಕರಣವಿತ್ತು. ಹಿಂದಿನ ದಿನ ನಾನು ಎಷ್ಟೇ ತಡೆದುಕೊಂಡರೂ ಎರಡು ಕಡೆ ದನಿ ನಡುಗಿಸಿಯೇ ಓದಿದ್ದೆ. ಮರುದಿನ ಕ್ಯಾಮೆರಾ ಮುಂದೆ ಅವರು ಬಾಯಿ ತೆರೆದರೆ, ಅಯ್ಯೋ ಶಿವನೆ, ನನ್ನದೇ ಬಿಕ್ಕು, ನನ್ನದೇ ಮೂಗೆಳೆತ! ಕೇಳಿದ್ದನ್ನು ಕೇಳಿದಂತೆಯೇ ನುಂಗಿದ್ದರು. ನಿರ್ದೇಶಕರು ತಲೆ ಕೆರೆದುಕೊಂಡು ‘ಅಮ್ಮಾ, ಹುಷಾರಿಲ್ವಾ?’ ಎಂದರು. ನಾಲ್ಕು ಸಲ ತೆಗೆದ ಮೇಲೆ ಸರಿಹೋಯಿತು. ಮನೆಗೆ ಬಂದವರೇ ಸೊಂಟದ ಮೇಲೆ ಕೈಯಿಟ್ಟು ನಿಂತರು. ‘ಇವತ್ತ ಅಲ್ಲಿ ಅತ್ತಾಕಿ ನಾನಲ್ಲ, ನೀನು! ನಾಳಿಂದ ರೇಶನ್ ಚೀಟಿ ಓದಿದಂಗ ಓದು. ಉಪ್ಪು ಹಾಕಬ್ಯಾಡ. ಉಪ್ಪು ನಾ ಹಾಕ್ಕೋತೇನಿ.’

ಅಂದಿನಿಂದ ನಾನು ಸಪ್ಪೆಯಾಗಿ ಓದಲು ಕಲಿತೆ. ಇದೇನು ಸುಲಭದ ಕೆಲಸವೆಂದು ತಿಳಿಯಬೇಡಿ. ‘ನಿನ್ನ ಕೈಯಾರೆ ನನ್ನ ಮಗನನ್ನು ಕೊಂದೆಯಲ್ಲ’ ಎಂಬ ಮಾತನ್ನು ಅಕ್ಕಿ ಐದು ಕಿಲೋ, ಗೋಧಿ ಎರಡು ಕಿಲೋ ಎಂಬಂತೆ ಓದಿ ನೋಡಿ, ಗೊತ್ತಾಗುತ್ತದೆ. ಅವರು ಚಾಪೆಯ ಮೇಲೆ ಮಲಗಿ, ಕಣ್ಣ ಮೇಲೆ ಒದ್ದೆ ಟಾವೆಲ್ ಹಾಕಿಕೊಂಡು ಕೇಳುತ್ತಿದ್ದರು. ತಮ್ಮ ಮಾತು ಮಾತ್ರವಲ್ಲ, ಎದುರಿನವರದೂ, ಬಾಗಿಲಲ್ಲಿ ಬಂದು ಹೋಗುವ ಹಾಲಿನವನದೂ ಬೇಕು. ನಡುವೆ ‘ಅಲ್ಲಿ ಹಾಳಿ ತಿರುವಿದ್ಯಲ್ಲ?’ ಎಂದು ಕೇಳಿ ಅದನ್ನೂ ನೆನಪಿಟ್ಟುಕೊಳ್ಳುತ್ತಿದ್ದರು, ನಾಳೆ ನಾಲ್ಕು ಮಂದಿಯ ಮುಂದೆ ಸರಿಯಾದ ಕಡೆ ಹಾಳೆ ತಿರುವಬೇಕಲ್ಲ! ಮೂರು ಸಲ ಓದಿದರೆ ಇಡೀ ಸಂಚಿಕೆ ಅವರ ಬಾಯಲ್ಲಿ. ನಾನು ಒಂದು ಸಾಲು ಹಾರಿಸಿದರೆ ಟಾವೆಲಿನ ಕೆಳಗಿನಿಂದಲೇ ‘ಏ, ಆತ ಉತ್ತರಾ ಕೊಡಲಿಲ್ಲಲ್ಲ’ ಎಂದು ಹಿಡಿದುಬಿಡುತ್ತಿದ್ದರು. ಕಾಲೇಜಿನಲ್ಲಿ ನಾನು ಕಂಡ ಯಾವ ಪ್ರಾಧ್ಯಾಪಕರಿಗೂ ಅಂಥ ತಲೆ ಇರಲಿಲ್ಲ. ಹೀಗೆ ಹೇಳಿದರೆ ಯಾರಿಗೆ ಬೇಕಾದರೂ ಬೇಜಾರಾಗಲಿ, ಖರೆ ಅದು.

ಅವರು ಶಾಲೆ ಯಾಕೆ ಬಿಟ್ಟರು ಎಂದು ನಾನಾಗಿ ಕೇಳಲಿಲ್ಲ. ಒಂದು ಬೇಸಿಗೆಯಲ್ಲಿ ದಡ್ಡಿ ಎಂಬ ಊರಿನ ಕಡೆ ಚಿತ್ರೀಕರಣಕ್ಕೆ ಹೋದಾಗ ತಾವೇ ಹೇಳಿದರು. ಹಿನ್ನೀರು ಇಳಿದು ಕೆಸರಿನ ಬಯಲು ಕಾಣುತ್ತಿತ್ತು. ನಡುವೆ ಒಂದಿಷ್ಟು ಕಲ್ಲಿನ ತಳಪಾಯ. ‘ಅದು ನಮ್ಮೂರು. ಆ ಕಲ್ಲ ಅದಾವಲ್ಲ, ಅದು ನಮ್ಮ ಸಾಲಿ. ನಾ ಎರಡನೇತ್ತೆ ಇದ್ದಾಗ ಎಲ್ಲಾ ನೀರಾಗ ಹೋತು’ ಎಂದರು. ಮನೆ ಖಾಲಿ ಮಾಡಿಕೊಂಡು ಬೇರೆ ಕಡೆ ಹೋದ ಮೇಲೆ ಹತ್ತಿರದಲ್ಲಿ ಶಾಲೆಯಿರಲಿಲ್ಲ. ಕೂಲಿಗೆ ಗೋಕಾಕಕ್ಕೆ ಬಂದ ಅಪ್ಪನ ಜೊತೆ ಬಂದ ಹುಡುಗಿ, ಅಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಹಾಡು ಕೇಳಿ ಒಳಗೆ ಹೊಕ್ಕಳು. ಕಂಪನಿಯ ಮಾಸ್ತರರು ಒಮ್ಮೆ ಹೇಳಿಕೊಟ್ಟದ್ದನ್ನು ತಿರುಗಿ ಒಪ್ಪಿಸಿದಳು. ಹತ್ತನೇ ವಯಸ್ಸಿಗೆ ಬಣ್ಣ ಹಚ್ಚಿ, ಹದಿನಾರಕ್ಕೆ ನಾಯಕಿಯಾಗಿ, ಇಪ್ಪತ್ತಕ್ಕೆ ಸಿನಿಮಾದಲ್ಲಿ ನಾಯಕಿಯ ಗೆಳತಿಯಾದರು. ‘ನಮ್ಮ ಮಂದಿ ಓದಿ ಮುಂದ ಬಂದ ಮಂದಿ. ನಮ್ಮ ಅಣ್ಣನ ಮಕ್ಕಳು ಡಾಕ್ಟರ್, ಮಾಸ್ತರು. ನಮ್ಮೊಳಗ ಓದಲಾರದಾಕಿ ನಾ ಒಬ್ಬಾಕಿನ. ಪ್ರಶಸ್ತಿ ಬಂದಾಗ ನಮ್ಮ ಕೇರಿಯೊಳಗ ಸನ್ಮಾನ ಮಾಡಿ ಆ ಪ್ರಶಸ್ತಿ ಪತ್ರಾ ನನ್ನ ಕಡೀಂದನ ಓದಸಬೇಕಂದ್ರು. ಜ್ವರಾ ಬಂದಾವಂತ ಹೇಳಿ ಹೋಗಲಿಲ್ಲ.’ ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅವರಿಗೆ ಆ ನಾಚಿಕೆ ಎಷ್ಟು ಆಳಕ್ಕಿತ್ತೆಂದು ನನಗೆ ಗೊತ್ತಾದದ್ದು ಆ ದಿನ.

ಹಾಗೆಂದು ಅವರು ದೇವತೆಯೇನೂ ಆಗಿರಲಿಲ್ಲ. ಬೇರೆ ನಟಿಯರ ಸುದ್ದಿ ಹೇಳಲು ಶುರು ಮಾಡಿದರೆ ಒಲೆಯ ಮೇಲಿನ ಬೇಳೆ ತಳ ಹಿಡಿಯುತ್ತಿತ್ತು. ಸುಳ್ಳಂತೂ ನೀರು ಕುಡಿದಷ್ಟು ಸಲೀಸು. ಮುಂದೆ ಯಾರಾದರೂ ಕಾಗದ ಚಾಚಿದರೆ ‘ತಲಿ ಸಿಡಿಯಾಕತ್ತೇತ್ರಿ’, ‘ಕೈ ಎಣ್ಣಿ ಆಗ್ಯಾವು’ ಎನ್ನುವ ಹತ್ತಾರು ನೆಪ ತಯಾರು. ಅದನ್ನು ನೋಡಿ ನಾನೂ ಸುಳ್ಳು ಕಲಿತೆ.

ಎರಡನೇ ವರ್ಷದಲ್ಲಿ ಒಂದು ಸಿನಿಮಾದ ಅವಕಾಶ ಬಂತು. ಬೆಂಗಳೂರಿನ ಒಬ್ಬ ಯುವ ನಿರ್ದೇಶಕ, ಮಿಲ್ಲಿನಲ್ಲಿ ಮೂವತ್ತು ವರ್ಷ ನೂಲು ತೆಗೆದ ಒಬ್ಬ ಹೆಂಗಸಿನ ಕಥೆ ಬರೆದುಕೊಂಡು ಗೋಕಾಕಕ್ಕೆ ಬಂದಿದ್ದ. ತಾಯಿಯ ಪಾತ್ರವಲ್ಲ, ಅತ್ತೆಯ ಪಾತ್ರವಲ್ಲ, ಕಥೆಯೇ ಅವಳದು. ಅಕ್ಕಾರಿಗೆ ಆಗ ಐವತ್ತಾರು. ಕಥೆ ಕೇಳಿದ ಸಂಜೆ ಅಡುಗೆಮನೆಯಲ್ಲಿ ನಿಂತು ‘ಇದೊಂದು ಕೈ ಬಿಟ್ಟು ಹೋಗಬಾರದು ತಂಗಿ. ಇನ್ನ ನನಗ ಇಂಥಾದ್ದು ಯಾರೂ ಬರಿಯಂಗಿಲ್ಲ’ ಎಂದರು. ಅವರು ಹಾಗೆ ಬೇಡಿಕೊಂಡಂತೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆದರೆ ಆ ನಿರ್ದೇಶಕನಿಗೆ ಒಂದು ಪದ್ಧತಿಯಿತ್ತು. ಚಿತ್ರೀಕರಣಕ್ಕೂ ಮೊದಲು ಎಲ್ಲ ನಟರೂ ಮೇಜಿನ ಸುತ್ತ ಕೂತು ಇಡೀ ಚಿತ್ರಕಥೆಯನ್ನು ಗಟ್ಟಿಯಾಗಿ ಓದಬೇಕು. ಅದನ್ನು ಕೇಳಿ ನಾನು ಪುಟ ಎಣಿಸಲು ಕೂತೆ. ಅವರು ಮಾತ್ರ, ‘ಹತ್ತು ದಿನ ಐತಿ. ಓದು’ ಎಂದರು.

ಹತ್ತು ದಿನದಲ್ಲಿ ನೂರಾ ಹನ್ನೆರಡು ಪುಟ. ಬಾಯಿ ಒಣಗುವವರೆಗೆ ಓದಿದೆ. ಎಂಟನೇ ದಿನಕ್ಕೆ ಅವರು ಹಾಳೆ ಕೈಯಲ್ಲಿ ಹಿಡಿದು, ಸರಿಯಾಗಿ ತಿರುವುತ್ತ, ಅಕ್ಷರವೊಂದೂ ತಪ್ಪದೆ ‘ಓದುತ್ತಿದ್ದರು’. ಯಾರು ನೋಡಿದರೂ ನಂಬಬೇಕು, ಹಾಗೆ. ಖುಷಿಯಾಗಿ, ‘ಒಂದಿನ ಊರಿಗಿ ಹೋಗಿ ಬಾ, ನಿಮ್ಮವ್ವ ನೆನಸಾಕತ್ತಾಳ’ ಎಂದು ಕಳಿಸಿಕೊಟ್ಟರು.

ಅವ್ವ ನೆನೆಸಿದ್ದು ಸುಮ್ಮನೆ ಅಲ್ಲ. ಮಸಗುಪ್ಪಿಯಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ನನಗೆ ಹೇಳಿದರೆ ಬರುವುದಿಲ್ಲವೆಂದು ಮುಚ್ಚಿಟ್ಟಿದ್ದಳು. ‘ಬೀಗರ ಮುಂದ ಫೋನ್ ತಿಕ್ಕೋತ ಕುಂಡ್ರಬ್ಯಾಡ’ ಎಂದು ನನ್ನ ಫೋನು ಕಸಿದು ಜೋಳದ ಡಬ್ಬಿಯಲ್ಲಿ ಹಾಕಿದಳು. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ನನ್ನನ್ನು ಬಿಟ್ಟು ಆ ಅತ್ತೆಯ ಸುದ್ದಿಯನ್ನೇ ಕೇಳಿದರು. ‘ಆಕಿ ಮನ್ಯಾಗೂ ಹಂಗ ಕಿರಿಕಿರಿ ಮಾಡತಾಳೇನು?’ ಎಂದಳು ಹುಡುಗನ ಚಿಗವ್ವ. ನನಗೆ ಸಿಟ್ಟು ನೆತ್ತಿಗೇರಿ, ‘ಆಕಿ ಕಾಲಿನ ಧೂಳಿಗೂ ನಾವು ಬರಂಗಿಲ್ಲ’ ಎಂದುಬಿಟ್ಟೆ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಅವರು ಹೋದ ಮೇಲೆ ಅವ್ವ ಫೋನು ವಾಪಸು ಕೊಟ್ಟಳು. ಸಿನಿಮಾದವರ ಗುಂಪಿನಲ್ಲಿ ಇಪ್ಪತ್ತು ಮೂವತ್ತು ಸಂದೇಶ ಬಂದು ಬಿದ್ದಿದ್ದವು. ಊಟಕ್ಕೆ ಏನು, ಗಾಡಿ ಎಷ್ಟಕ್ಕೆ ಎಂಬ ಮಾತೇ ಅಲ್ಲಿ ಯಾವಾಗಲೂ. ನಾನು ಅವ್ವನ ಮೇಲಿನ ಕೋಪಕ್ಕೆ ಫೋನು ಮೂಲೆಗೆ ಎಸೆದು ಕೂತೆ. ತಪ್ಪನ್ನು ಅವ್ವನ ತಲೆಗೆ ಕಟ್ಟಬಹುದು, ಕಟ್ಟಿದ್ದೇನೆ ಕೂಡ, ಬಹಳ ವರ್ಷ. ಆದರೆ ಫೋನು ನನ್ನ ಕೈಗೆ ಬಂದಿತ್ತು. ತೆರೆದು ನೋಡದವಳು ನಾನೇ.

ಮರುದಿನ ಬೆಳಿಗ್ಗೆ ಮೂಡಲಗಿಯಿಂದ ಬಸ್ಸು ಹಿಡಿದು ಗೋಕಾಕಕ್ಕೆ ಬಂದು, ಅವರ ಜೊತೆ ನೇರ, ಓದಿಗೆಂದು ಗೊತ್ತು ಮಾಡಿದ್ದ ಮದುವೆಯ ಮಂಗಲ ಕಾರ್ಯಾಲಯಕ್ಕೆ ಹೋದೆ. ಅಲ್ಲಿ ಊಟದ ಮೇಜುಗಳನ್ನು ಜೋಡಿಸಿ ಹದಿನಾಲ್ಕು ಮಂದಿ ಕೂರುವ ಹಾಗೆ ಮಾಡಿದ್ದರು. ನಾನು ಗೋಡೆಯ ಪಕ್ಕ ಚೀಲ ಹಿಡಿದು ಕೂತೆ. ಓದು ಶುರುವಾಯಿತು. ಮೂವತ್ತು ಪುಟ ಹಾಲು ಹರಿದಂತೆ ಹೋಯಿತು. ಆಮೇಲೆ ನೋಡುತ್ತೇನೆ, ಉಳಿದವರೆಲ್ಲ ಹಳದಿ ಹಾಳೆ ತಿರುವುತ್ತಿದ್ದಾರೆ. ಇವರ ಕೈಯಲ್ಲಿ ಬಿಳಿ ಹಾಳೆ. ಆ ದೃಶ್ಯದಲ್ಲಿ ಮೊದಲು ಮಗನಿದ್ದ. ಹಿಂದಿನ ಸಂಜೆ ನಿರ್ದೇಶಕ ಅವನನ್ನು ತೆಗೆದು ಮಗಳನ್ನು ತಂದು, ಆರು ಪುಟ ಹೊಸದಾಗಿ ಬರೆದು ಎಲ್ಲರಿಗೂ ಫೋನಿನಲ್ಲಿ ಕಳಿಸಿದ್ದ, ಹಳದಿ ಹಾಳೆಯಲ್ಲಿ ಮುದ್ರಿಸಿ ಸೇರಿಸಿಕೊಳ್ಳಿ ಎಂದು. ಎದುರಿಗಿದ್ದ ಹುಡುಗಿ ‘ಅವ್ವಾ, ನಾನು ಹೋಗುತ್ತೇನೆ’ ಎಂದು ಓದಿದಳು. ಇವರು ‘ಹೋಗು ಮಗನೇ, ನಿನ್ನಪ್ಪನೂ ಹೀಗೇ ಹೋದ’ ಎಂದರು. ಎಲ್ಲರೂ ನಕ್ಕರು. ಇನ್ನೊಮ್ಮೆ ಓದಿದಾಗಲೂ ಅದೇ ಮಾತು ಬಂತು. ಈ ಸಲ ಯಾರೂ ನಗಲಿಲ್ಲ.

ನಿರ್ದೇಶಕ ತನ್ನ ಹಳದಿ ಹಾಳೆಗಳನ್ನು ಅವರ ಮುಂದೆ ಸರಿಸಿ, ಸಾಲಿನ ಮೇಲೆ ಬೆರಳಿಟ್ಟು, ‘ಅಮ್ಮಾ, ಹಳೇದು ಇಟ್ಕೊಂಡಿದ್ದೀರ. ಇಲ್ಲಿಂದ ಓದಿ’ ಎಂದ. ಅವರು ಹಾಳೆ ನೋಡಿದರು. ನೋಡುತ್ತಲೇ ಇದ್ದರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಸಹಾಯಕ ನಿರ್ದೇಶಕ ನನ್ನ ಕಡೆ ತಿರುಗಿದ. ‘ನಿನ್ನೆ ಸಂಜೆನೇ ಕಳಿಸಿದ್ವಿ. ಮೇಡಂಗೆ ತಲುಪಿಸೋದು ನಿನ್ನ ಕೆಲಸ ಅಲ್ವಾ? ಏನ್ ಮಾಡ್ತಿದ್ದೆ? ಮೇಡಂ, ಇದು ನಿಮ್ಮ ತಪ್ಪಲ್ಲ, ಈ ಹುಡುಗೀದು. ನೀವು ಈಗ ಮನೆಗೆ ಹೋಗಿ ರೆಸ್ಟ್ ಮಾಡಿ, ನಾಳೆ ಓದೋಣ. ಬೇರೆ ಹುಡುಗೀನ ಕೊಡ್ತೀವಿ.’

ಬಾಗಿಲು ಹೀಗೆ ತೆರೆದೇ ಇತ್ತು. ಅವರು ‘ಹೂಂ’ ಎಂದು ಎದ್ದು ಹೋಗಿದ್ದರೆ ಸಾಕು. ಸಂಜೆ ಆರು ಪುಟ ಕೇಳಿಸಿಕೊಂಡು ಮರುದಿನ ರಾಣಿಯಂತೆ ಬಂದು ಕೂರಬಹುದಿತ್ತು. ನಾನೂ ಮನಸ್ಸಿನಲ್ಲಿ, ಅನ್ನಿ ಅಕ್ಕಾರ, ಹೂಂ ಅನ್ನಿ ಎಂದು ಬೇಡುತ್ತಿದ್ದೆ. ಅವರು ಹಳದಿ ಹಾಳೆಗಳನ್ನು ಮೆಲ್ಲಗೆ ನಿರ್ದೇಶಕನ ಕಡೆ ತಿರುಗಿ ಸರಿಸಿದರು. ಬೆಂಗಳೂರಿನವರ ಜೊತೆ ಯಾವಾಗಲೂ ಬೆಂಗಳೂರಿನ ಕನ್ನಡ ಆಡುತ್ತಿದ್ದವರು, ಅವತ್ತು ನಮ್ಮ ಮಾತಿನಲ್ಲೇ ಆಡಿದರು.

‘ಆಕಿಗಿ ಒಂದ ಮಾತ ಅನಬ್ಯಾಡ್ರಿ. ಆಕಿ ಇದನ್ನ ತಂದು ಕೊಟ್ಟಿದ್ರೂ ನಾ ಓದ್ತಿದ್ದಿಲ್ಲ. ನನಗ ಓದಾಕ ಬರಂಗಿಲ್ಲ. ನಲವತ್ತು ವರ್ಷ ಎಲ್ಲಾ ಕೇಳೇ ಮಾಡೇನಿ. ಇದನ್ನೂ ಒಮ್ಮೆ ಓದಿ ಹೇಳ್ರಿ, ಮಾಡ್ತೇನಿ. ಬ್ಯಾಡ ಅನಸಿದ್ರ ಹೇಳ್ರಿ, ಹುಕ್ಕೇರಿ ಬಸ್ ಹಿಡಿತೇನಿ.’

ನಿರ್ದೇಶಕನ ಮುಖ ಕೆಂಪಗಾಯಿತು. ಅವನು ತಾನೇ ಆ ಆರು ಪುಟ ಓದಿದ, ಒಮ್ಮೆ. ಅವರು ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಓದಿಸಿದರು. ಆಮೇಲೆ ಆ ಮಗಳ ಕಡೆ ತಿರುಗಿ ಮಾತಾಡಿದರು. ಎರಡು ಕಡೆ ತಪ್ಪಿದರು, ತಪ್ಪನ್ನು ತಾವೇ ಹಿಡಿದು ತಿದ್ದಿಕೊಂಡರು. ‘ಹೋಗು, ತಿರುಗಿ ನೋಡಬೇಡ. ನೋಡಿದರೆ ನಾನು ನಿನ್ನನ್ನು ಬಿಡುವುದಿಲ್ಲ’ ಎಂಬ ಕೊನೆಯ ಮಾತು ಆಡಿದಾಗ ಎದುರಿನ ಹುಡುಗಿ ತನ್ನ ಸಾಲು ಓದುವುದನ್ನೇ ಮರೆತಳು. ನಿರ್ದೇಶಕ ಮಾತ್ರ ‘ಇವತ್ತಿಗೆ ಸಾಕು. ನಾಳೆ ಫೋನ್ ಮಾಡ್ತೀನಿ’ ಎಂದಷ್ಟೇ ಹೇಳಿ ಎದ್ದ. ಅದರ ಅರ್ಥ ಏನೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ರಿಕ್ಷಾದಲ್ಲಿ ನಾನು ಹೋ ಎಂದು ಅಳಲು ಶುರುಮಾಡಿದೆ. ‘ನನ್ನ ಮ್ಯಾಲ ಹಾಕಬೇಕಿತ್ತಲ್ರಿ ಅಕ್ಕಾರ? ತಪ್ಪು ನಂದ ಇತ್ತು.’ ಅವರು ಗದರಿದರು. ‘ಸುಮ್ನಿರು. ತಪ್ಪ ನಿಂದ ಐತಿ, ಅದರ ಲೆಕ್ಕಾ ಮನ್ಯಾಗ ತೀರಸ್ತೇನಿ. ಆದ್ರ ಓದಾಕ ಬರೂ ಹುಡಗಿ, ನನ್ನ ಸುಳ್ಳಿನ ಸಲುವಾಗಿ ಮಂದಿ ಮುಂದ ದಡ್ಡಿ ಆಗಬಾರದು.’ ಆಮೇಲೆ ಹೊರಗೆ ನೋಡುತ್ತ, ‘ಆ ಪಾತ್ರ ಹೋತೇನೋ’ ಎಂದರು. ಅವತ್ತು ನಾವು ಒಲೆ ಹಚ್ಚಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಫೋನು ಬಂತು, ಇಬ್ಬರೂ ಬನ್ನಿ ಎಂದು. ಹೋಗಿ ನೋಡಿದರೆ ಮೇಜಿಗೆ ಒಂದು ಕುರ್ಚಿ ಹೆಚ್ಚಿಗೆ ಹಾಕಿದ್ದರು, ಅಕ್ಕಾರ ಕುರ್ಚಿಗೆ ಒತ್ತಿ. ‘ನೀವು ಇಲ್ಲಿ ಕೂತು ಓದಿ. ಅವರ ಕಿವಿಯಲ್ಲಿ ಅಲ್ಲ, ಗಟ್ಟಿಯಾಗಿ’ ಎಂದು ನಿರ್ದೇಶಕ ನನಗೆ ಹೇಳಿದ. ನಾನು ಕುರ್ಚಿಯ ತುದಿಗೆ ಕೂತೆ. ಅಕ್ಕಾರ ನನ್ನ ಮೊಣಕೈ ಚಿವುಟಿ ‘ಓದು’ ಎಂದರು.

ಒಂದು ಪುಟ ಓದಿರಬೇಕು. ಮೇಜಿನ ಆ ತುದಿಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಹುಬ್ಬಳ್ಳಿ ಕಡೆಯ ಆ ಹಿರಿಯ ನಟರು, ಎಪ್ಪತ್ತು ದಾಟಿದವರು, ಸಿನಿಮಾದಲ್ಲಿ ಇವರ ಗಂಡನ ಪಾತ್ರ ಮಾಡುವವರು, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಮೇಜನ್ನು ಸುತ್ತು ಹಾಕಿ ಬಂದರು. ಹಿಂದಿನ ದಿನ ಅವರು ಒಂದಕ್ಷರ ತಪ್ಪಿರಲಿಲ್ಲ. ನನ್ನ ಇನ್ನೊಂದು ಬದಿಗೆ ಕುರ್ಚಿಯಿಟ್ಟು ಕೂತು, ‘ಯವ್ವಾ, ನಂದೂ ಅಷ್ಟು ಓದಿಬಿಡು. ನನಗೂ ಬರಂಗಿಲ್ಲ. ಮೊನ್ನಿ ಹೊಸಾ ಪುಟ ನನ್ನ ಮಗಳು ಫೋನಿನ್ಯಾಗ ಓದಿ ಹೇಳಿದ್ಲು, ಅದಕ್ಕ ಪಾರಾದೆ’ ಎಂದರು.

ಹನ್ನೊಂದು ಸಿನಿಮಾಗಳಲ್ಲಿ ಅವರಿಬ್ಬರೂ ಗಂಡ ಹೆಂಡತಿಯಾಗಿದ್ದರು. ಒಂದೇ ಬೆಳಕಿನ ಕೆಳಗೆ, ಎದುರಾಬದುರಾ ನಿಂತು, ಇಬ್ಬರೂ ಕೈಯಲ್ಲಿ ಹಾಳೆ ಹಿಡಿದು ಓದಿದ ಹಾಗೆ ಮಾಡಿದ್ದರು. ಅಕ್ಕಾರ ಅವರನ್ನೇ ನೋಡಿದರು. ಕಣ್ಣು ತುಂಬಿ ಬಂದಿತ್ತು.

‘ಇಷ್ಟ ವರ್ಷ ಒಮ್ಮೆನೂ ಹೇಳಲಿಲ್ಲಲ್ರಿ’ ಎಂದರು.

‘ನೀವರ ಹೇಳಿದ್ರೇನು?’ ಎಂದರು ಅವರು.

ನಾನು ಇಬ್ಬರ ನಡುವೆ ಕೂತು, ಮೊದಲನೇ ಪುಟಕ್ಕೆ ತಿರುಗಿ ಮತ್ತೆ ಓದಲು ಶುರುಮಾಡಿದೆ.